‘ಎಷ್ಟೈತೆ, ಭಾಭಿ?’

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಇವತ್ತಿಗೂ ಒಂದು ಚೀಟಿ ಅಂಟಿಕೊಂಡಿದೆ. ಕೀಮೋ ವಾರ್ಡಿನ ಸಿಸ್ಟರ್ ಬರೆದುಕೊಟ್ಟದ್ದು. ‘ಜ್ವರ ನೂರು ದಾಟಿದರೆ ಮಾತ್ರೆ ನುಂಗಬೇಡಿ. ಮೊದಲು ನಮಗೆ ಫೋನ್ ಮಾಡಿ. ತಕ್ಷಣ ಹೊರಡಿ.’ ಮೂರೇ ವಾಕ್ಯ. ಹದಿನೆಂಟು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದವಳು ನಾನು. ಮೂರು ವಾಕ್ಯ ಓದಿ ಅರ್ಥ ಮಾಡಿಕೊಳ್ಳಲು ಬಾರದವಳೇನಲ್ಲ. ಆದರೂ ಒಂದು ಭಾನುವಾರ ಆ ಚೀಟಿಯ ಎದುರಿಗೇ ನಿಂತು ಜ್ವರದ ಮಾತ್ರೆ ನುಂಗಿದೆ. ಅದನ್ನು ಬರೆದಿಡಬೇಕು ಅನ್ನಿಸಿದೆ. ಈ ಹೊತ್ತಿನಲ್ಲೂ ಯಾವುದೋ ಆಸ್ಪತ್ರೆಯ ಕುರ್ಚಿಯಲ್ಲಿ ಒಬ್ಬಳು ಕೈಗೆ ಸೂಜಿ ಚುಚ್ಚಿಸಿಕೊಂಡು ಕೂತು, ‘ಏನಿಲ್ಲ, ಆರಾಮಿದೀನಿ’ ಅನ್ನುತ್ತಿರುತ್ತಾಳೆ. ಇದು ಅವಳಿಗಾಗಿ.

ನನ್ನ ಹೆಸರು ಶಾಹೀನ್. ಹರಿಹರದ ಒಂದು ಶಾಲೆಯಲ್ಲಿ ಟೀಚರ್. ಮನೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ನನ್ನ ಗಂಡ ಇಕ್ಬಾಲ್ ಅವರದು ಮಂಡಿಪೇಟೆಯಲ್ಲಿ ಹಗ್ಗ, ತಾಡಪಾಲು, ಗೋಣಿಚೀಲದ ಅಂಗಡಿ. ಬೆಳಗಿನ ಬಸ್ಸಿನಲ್ಲಿ ಸ್ಕಾರ್ಫಿನ ಪಿನ್ ಸರಿಮಾಡಿಕೊಳ್ಳುವಾಗ ಕತ್ತಿನ ಪಕ್ಕದಲ್ಲಿ ಒಂದು ಗಂಟು ಬೆರಳಿಗೆ ಸಿಕ್ಕಿತು. ಪರೀಕ್ಷೆ ಮುಗಿಯಲಿ, ಮೌಲ್ಯಮಾಪನ ಮುಗಿಯಲಿ, ನಾದಿನಿಯ ಮರುಮದುವೆಯ ವಿಚಾರ ಒಂದು ದಡ ಮುಟ್ಟಲಿ ಎಂದು ಎರಡು ತಿಂಗಳು ತಳ್ಳಿದೆ. ನನ್ನ ಸರದಿ ಯಾವಾಗಲೂ ಕೊನೆಗೆ. ಅದನ್ನೇ ದೊಡ್ಡ ಗುಣ ಎಂದುಕೊಂಡಿದ್ದೆ.

ಗಂಟಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿ, ಎಂಟು ದಿನ ಕಾಯಿಸಿ, ಒಂದು ಬೆಳಗ್ಗೆ ಕರೆದರು. ಕಾಯುವ ಕೋಣೆಯಲ್ಲಿ ಇಕ್ಬಾಲ್ ಜೇಬಿನಿಂದ ಸುತಲಿ ದಾರದ ತುಂಡು ತೆಗೆದು ಗಂಟು ಹಾಕುವುದು, ಬಿಚ್ಚುವುದು ಮಾಡುತ್ತಿದ್ದರು. ಒಳಗೆ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಇಕ್ಬಾಲ್ ತಲೆಯಾಡಿಸಿ, ‘ಊಟದಾಗ ಏನು ಬಿಡಬೇಕು ಸರ್?’ ಎಂದು ಕೇಳಿದರು. ಡಾಕ್ಟರು ಮತ್ತೆ ಮೊದಲಿನಿಂದ ನಿಧಾನವಾಗಿ ಹೇಳಿದರು. ಆಗ ದಾರ ನೆಲಕ್ಕೆ ಬಿತ್ತು.

ಮನೆಯಲ್ಲಿ ಅತ್ತೆ, ಅಂದರೆ ನಮ್ಮ ಅಮ್ಮಿ, ಮೊದಲು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಬಾಗಿಲು ಹಾಕಿದರು. ‘ಯಾರಿಗೂ ಹೇಳಬ್ಯಾಡ. ರೆಹಾನಾಗೆ ಇನ್ನೊಂದು ಸಂಬಂಧ ನೋಡಬೇಕು. ಮನ್ಯಾಗ ಈ ಕಾಯಿಲೆ ಐತೆ ಅಂದ್ರ ಯಾರು ಬರ್ತಾರ?’ ಹಾಗಾಗಿ ಓಣಿಯವರಿಗೆ ನನಗೆ ಮೊದಲು ಟೈಫಾಯ್ಡ್ ಆಯಿತು, ಆಮೇಲೆ ಕಾಮಾಲೆ ಆಯಿತು. ಅಮ್ಮಿಯ ಮೇಲೆ ಎಲ್ಲವನ್ನೂ ಹೊರಿಸುವುದಿಲ್ಲ. ಹೂಂ ಎಂದು ಮೊದಲು ತಲೆಯಾಡಿಸಿದವಳು ನಾನೇ.

ರೆಹಾನಾ ಇಕ್ಬಾಲರ ತಂಗಿ. ಮೂರು ವರ್ಷದ ಹಿಂದೆ ಮದುವೆ ಮುರಿದು ವಾಪಸ್ ಬಂದವಳು. ಬಂದ ದಿನದಿಂದ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಆಟ ಆಡುತ್ತಿದ್ದಳು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ‘ಬೆಳಗಾದ್ರ ಅದೇ, ಬೈಗಾದ್ರ ಅದೇ. ಒಂದು ಬಿ.ಎಡ್ ಆದ್ರೂ ಮಾಡಬಾರದಾ?’ ಎಂದು ಎಲ್ಲರೆದುರು ಅಂದಿದ್ದೇನೆ. ಅವಳು ಎದುರಾಡುತ್ತಿರಲಿಲ್ಲ, ಆದರೆ ನನ್ನ ಜೊತೆ ಬೇಕಾದಷ್ಟೇ ಮಾತು. ಒಂದೇ ಸೂರಿನಡಿ ಹೀಗೇ ಮೂರು ವರ್ಷ ಕಳೆದಿದ್ದೆವು.

ಎರಡನೇ ಕೀಮೋ ಆದ ಮೇಲೆ ರಕ್ತದ ಕಣಗಳು ಇಳಿದುಹೋದವು. ಸೋಂಕು ತಗುಲಬಾರದೆಂದು ನಮ್ಮ ಇಬ್ಬರು ಮಕ್ಕಳನ್ನು ಹರಿಹರಕ್ಕೆ, ನನ್ನ ತವರಿಗೆ ಕಳಿಸಿದೆವು. ಮುಂದಿನ ಕೋಣೆಯಲ್ಲಿ ನಾನೊಬ್ಬಳೇ. ಬೆರಳ ತುದಿಗಳು ಜೋಮು ಹಿಡಿದು ಸೂಜಿಗೆ ದಾರ ಪೋಣಿಸಲಾಗದು, ಗುಂಡಿ ಹಾಕಲಾಗದು, ಪೆನ್ನು ಜಾರುತ್ತದೆ. ರೆಹಾನಾ ಮುಖಕ್ಕೆ ಮಾಸ್ಕ್ ಹಾಕಿಕೊಂಡು ತಟ್ಟೆ ತಂದು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು, ಹೊರಗೆ ಗೋಡೆಗೊರಗಿ ಕೂರುತ್ತಿದ್ದಳು. ನಾನು ತಿನ್ನುತ್ತೇನೋ ಇಲ್ಲವೋ ನೋಡಲು ಕೂರುತ್ತಾಳೆಂದು ನನಗಾಗ ಹೊಳೆಯಲಿಲ್ಲ. ಒಂದು ಮುಂಜಾನೆ ಅವಳ ಮೊಬೈಲಿನಿಂದ ಯುದ್ಧದ ನಗಾರಿ ಶುರುವಾಯಿತು.

‘ಆ ಹಾಳು ಆಟ ಬಂದ್ ಮಾಡ್ತೀಯಾ ಇಲ್ವಾ?’ ಎಂದು ಕೂಗಿದೆ.

ನಗಾರಿ ನಿಂತಿತು. ಬಾಗಿಲಾಚೆಯಿಂದ ಮಾತು ಬಂತು. ‘ಭಾಭಿ, ನಮ್ಮ ಟೀಮಿನ ಟ್ಯಾಂಕ್ ಬಿಟ್ಟು ಹೋದ್ಲು. ನೀವು ಆಡ್ತೀರಾ?’

‘ಟ್ಯಾಂಕ್ ಅಂದ್ರ?’ ನನಗೆ ನೆನಪಾದದ್ದು ಮಾಳಿಗೆ ಮೇಲಿನ ನೀರಿನ ಟ್ಯಾಂಕ್.

‘ಎಲ್ಲರಕಿಂತ ಮುಂದೆ ನಿಂತು ಏಟು ತಿನ್ನೋಳು. ರಾಕ್ಷಸ ಆಕಿನ್ನೇ ಹೊಡೀತಿರ್ತಾನೆ, ಹಿಂದಿದ್ದೋರು ಅವನ್ನ ಹೊಡೀತಾರೆ. ಬಾಣ ಬಿಡೋರಿಗೆ ಬೆರಳು ಚುರುಕಿರಬೇಕು, ಟ್ಯಾಂಕಿಗೆ ಅಷ್ಟು ಬ್ಯಾಡ. ಮುಂದೆ ನಿಂತು ಏಟು ತಿನ್ನೋದು ನಿಮಗೆ ಮೊದಲಿಂದಾನೂ ಬರ್ತೈತೆ.’

ಹೊಗಳಿದಳೋ ಚುಚ್ಚಿದಳೋ ತಿಳಿಯಲಿಲ್ಲ. ಆದರೆ ಆ ನಾಲ್ಕು ಗೋಡೆಗಳನ್ನು ನೋಡಿ ನೋಡಿ ತಲೆ ಕೆಟ್ಟಿತ್ತು. ಹೂಂ ಅಂದು ನನ್ನ ಮೊಬೈಲಿಗೂ ಆಟ ಹಾಕಿಕೊಂಡೆ.

ಐದು ಜನರ ತಂಡ. ಗುಹೆಯ ಕೊನೆಯಲ್ಲಿ ಒಬ್ಬ ಕಲ್ಲಿನ ದೈತ್ಯ. ನಾನು ಗುರಾಣಿ ಹಿಡಿದ ದಪ್ಪ ಹೆಂಗಸು. ರೆಹಾನಾ ಹೀಲರ್, ಅಂದರೆ ಗಾಯಕ್ಕೆ ಮದ್ದು ಹಾಕುವವಳು. ಬಾಣ ಬಿಡುವವಳು ಗುತ್ತೂರಿನ ಕವಿತಾ. ಅಲ್ಲೇ ಹತ್ತಿರದ ಫ್ಯಾಕ್ಟರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ, ಶಿಫ್ಟ್ ಇಲ್ಲದ ಹೊತ್ತಿನಲ್ಲಿ ಆಟ. ಅವಳ ಮುಖವನ್ನು ನಾನು ನೋಡಿರಲಿಲ್ಲ, ಆಟದ ನಡುವೆ ಫೋನಿನಲ್ಲಿ ಕೇಳುವ ದನಿ ಮಾತ್ರ ಗೊತ್ತು. ಇನ್ನಿಬ್ಬರು ಎಲ್ಲಿಯವರೋ, ಮಾತೇ ಆಡುತ್ತಿರಲಿಲ್ಲ.

ಮೊದಲ ವಾರ ನಾನು ಸತ್ತದ್ದಕ್ಕೆ ಲೆಕ್ಕವಿಲ್ಲ. ಬಾಗಿಲು ತೆರೆದ ಕೂಡಲೇ ಗುರಾಣಿ ಹಿಡಿದು ನುಗ್ಗುತ್ತಿದ್ದೆ.

‘ಹಿಂದೆ ತಿರುಗಿ ನೋಡ್ರಿ ಭಾಭಿ!’ ರೆಹಾನಾ ಬಾಗಿಲಾಚೆಯಿಂದ ಕೂಗುತ್ತಿದ್ದಳು. ‘ನನ್ನ ಮದ್ದು ಹತ್ತು ಹೆಜ್ಜೆ ಮಾತ್ರ ಮುಟ್ಟೋದು. ನೀವು ಮೂವತ್ತು ಹೆಜ್ಜೆ ಮುಂದೆ ಹೋದ್ರ ನಾನೇನು ಮಾಡ್ಲಿ?’

ಹಿಂದೆ ತಿರುಗಿ ನೋಡುವುದು ನನಗೆ ಅಭ್ಯಾಸವಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಮನೆಯ ಆಸ್ಪತ್ರೆ, ಬ್ಯಾಂಕು, ಜಗಳ, ರಾಜಿ ಎಲ್ಲದಕ್ಕೂ ಮುಂದೆ ಹೋದವಳು ನಾನು. ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ್ದೇ ಇಲ್ಲ.

ಇನ್ನೊಂದು ತೊಡಕಿತ್ತು. ಯಾರ ಜೀವ ಎಷ್ಟು ಉಳಿದಿದೆ ಎಂದು ಪರದೆಯ ಎಡಮೂಲೆಯಲ್ಲಿ ಪಟ್ಟಿಗಳು ಕಾಣುತ್ತವೆ. ರೆಹಾನಾಳ ಮೊಬೈಲಿನಲ್ಲಿ ಅದೇ ಮೂಲೆ ಒಡೆದು ಕಪ್ಪು ಹರಡಿತ್ತು. ಗಂಡನ ಮನೆಯಲ್ಲಿ ಗೋಡೆಗೆ ಬಡಿಸಿಕೊಂಡ ಫೋನು ಅದು. ರಿಪೇರಿ ಮಾಡಿಸು ಎಂದರೆ ಬೇಡ ಅನ್ನುತ್ತಿದ್ದಳು. ನನ್ನ ಜೀವ ಎಷ್ಟಿದೆಯೆಂದು ಅವಳಿಗೆ ಕಾಣುವುದೇ ಇಲ್ಲ.

ಅದಕ್ಕೆ ಕವಿತಾ ತನ್ನ ಫ್ಯಾಕ್ಟರಿಯ ಪದ್ಧತಿ ತಂದಳು. ‘ನಮ್ಮ ಬಾಯ್ಲರ್ ಹತ್ರ ಪ್ರೆಶರ್ ಎಷ್ಟೈತೆ ಅಂತ ಕಣ್ಣಾಗ ನೋಡಿದ್ರ ಸಾಲದು ಟೀಚರ್. ಬಾಯಿಬಿಟ್ಟು ಕೂಗಬೇಕು. ಕೇಳಿಸ್ಕೊಂಡೋರು ಅದನ್ನ ಮತ್ತೆ ಹೇಳಬೇಕು. ಆಮೇಲೇ ಮುಂದಿನ ಕೆಲಸ.’

ನಿಯಮವಾಯಿತು. ನೂರಕ್ಕೆ ಎಷ್ಟು ಉಳಿದಿದೆಯೋ ನಾನು ಹೇಳಬೇಕು. ‘ಎಷ್ಟೈತೆ, ಭಾಭಿ?’ ‘ಎಪ್ಪತ್ತು.’ ‘ಎಪ್ಪತ್ತು.’ ಆಮೇಲೆ ಮದ್ದು.

ಎಪ್ಪತ್ತಿದ್ದಾಗ ಹೇಳುವುದು ಸುಲಭ. ಮೂವತ್ತಕ್ಕೆ ಇಳಿದಾಗ ನನ್ನ ನಾಲಿಗೆ ತಿರುಗುತ್ತಿರಲಿಲ್ಲ. ‘ಐತೆ ಐತೆ, ನೀನು ಕವಿತಾನ್ನ ನೋಡ್ಕೋ,’ ಅನ್ನುತ್ತಿದ್ದೆ. ಮರುಗಳಿಗೆ ನಾನು ನೆಲಕ್ಕೆ. ದೈತ್ಯ ನನ್ನನ್ನು ದಾಟಿ ಹಿಂದಿದ್ದ ನಾಲ್ವರನ್ನೂ ಮುಗಿಸುತ್ತಿದ್ದ. ಏಳೆಂಟು ಸಲ ಹೀಗಾದ ಮೇಲೆ ಕವಿತಾಗೆ ಸಿಟ್ಟು ನೆತ್ತಿಗೇರಿತು.

‘ಟೀಚರ್, ನಿಮ್ಮ ಹುಡುಗರನ್ನ ಮಾರ್ಕ್ಸ್ ಎಷ್ಟು ಅಂತ ಕೇಳಿದಾಗ “ಐತೆ ಐತೆ” ಅಂದ್ರ ಬಿಡ್ತಿದ್ರಾ? ನೀವೊಬ್ರೇ ಸಾಯಂಗಿಲ್ಲ, ನಮ್ಮನ್ನೂ ಸಾಯಿಸ್ತೀರಿ!’

ನಗು ಬಂತು, ಅವಮಾನವೂ ಆಯಿತು. ಆವತ್ತಿನಿಂದ ಕಷ್ಟಪಟ್ಟು ಸಂಖ್ಯೆ ಹೇಳತೊಡಗಿದೆ. ನಾಲ್ಕನೇ ಕೀಮೋ ಆದ ವಾರ, ವಾಂತಿಯ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಆಡುತ್ತಾ, ‘ಹದಿನೈದು!’ ಎಂದು ಕಿರುಚಿದೆ. ‘ಹದಿನೈದು!’ ಎಂದಳು ರೆಹಾನಾ. ದೈತ್ಯ ಬಿದ್ದ. ಅವಳು ಬಾಗಿಲು ಬಡಿದು ಕುಣಿದಳು. ಅಮ್ಮಿ ಏನಾಯಿತೋ ಎಂದು ಅಡುಗೆಮನೆಯಿಂದ ಓಡಿಬಂದರು. ಕಾಯಿಲೆ ಬಂದ ಮೇಲೆ ಮನೆಯಲ್ಲಿ ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು.

ಆಟದಲ್ಲಿ ಕಲಿತದ್ದು ಬದುಕಿನಲ್ಲಿ ತಾನೇ ಬಂದುಬಿಡುತ್ತದೆ ಎಂದು ನಾನು ಹೇಳಿದರೆ ಸುಳ್ಳು.

ಐದನೇ ಕೀಮೋ ಆಗಿ ಒಂಬತ್ತು ದಿನಕ್ಕೆ ಆ ಭಾನುವಾರ ಬಂತು. ರಾಣೆಬೆನ್ನೂರಿನಿಂದ ರೆಹಾನಾಳನ್ನು ನೋಡಲು ಬರುವವರಿದ್ದರು. ಒಳ್ಳೆಯ ಮನೆತನ, ಹುಡುಗನಿಗೂ ಇದು ಎರಡನೆಯ ಮದುವೆ. ಅಮ್ಮಿ ನಾಲ್ಕು ದಿನದಿಂದ ಪರದೆ ಒಗೆದು, ಗಾಜಿನ ಲೋಟ ಒರೆಸಿ ಇಟ್ಟಿದ್ದರು. ನಮ್ಮ ಮನೆಯಲ್ಲಿ ಹುಡುಗಿಯನ್ನು ಕೈಹಿಡಿದು ನಡುಮನೆಗೆ ಕರೆತರುವುದು ಅತ್ತಿಗೆಯ ಕೆಲಸ. ನಾನಿಲ್ಲದಿದ್ದರೆ, ‘ಸೊಸೆ ಎಲ್ಲಿ?’ ಎಂಬ ಪ್ರಶ್ನೆ ಏಳುತ್ತದೆ. ಕಾಮಾಲೆಯ ಸುಳ್ಳು ಇಷ್ಟು ತಿಂಗಳು ನಡೆಯುವುದಿಲ್ಲ.

ಬೆಳಗ್ಗೆ ಏಳಕ್ಕೆ ಬಚ್ಚಲಲ್ಲಿ ಚಳಿ ಹಿಡಿಯಿತು. ಥರ್ಮಾಮೀಟರ್ ನೋಡಿದೆ: ನೂರು ದಾಟಿ ಒಂಬತ್ತು ಪಾಯಿಂಟ್. ಒರೆಸಿ ಮತ್ತೆ ಇಟ್ಟೆ. ನೂರಾ ಒಂದು. ಹನ್ನೊಂದಕ್ಕೆ ಬರುತ್ತಾರೆ, ಒಂದಕ್ಕೆ ಹೋಗುತ್ತಾರೆ, ಅವರು ಅತ್ತ ಹೋದ ಕೂಡಲೇ ನಾನು ಇತ್ತ ಆಸ್ಪತ್ರೆಗೆ. ಕೆಲವು ತಾಸಿನ ಮಾತಷ್ಟೇ. ಹೀಗೆಂದುಕೊಂಡು ಫ್ರಿಜ್ಜಿನ ಚೀಟಿಗೆ ಬೆನ್ನು ತಿರುಗಿಸದೆ, ಅದನ್ನು ಓದುತ್ತಲೇ ಮಾತ್ರೆ ನುಂಗಿದೆ. ಒಂದು ತಾಸಿನ ಮೇಲೆ ತೊಂಬತ್ತೊಂಬತ್ತಕ್ಕೆ ಇಳಿಯಿತು. ಇಕ್ಬಾಲರನ್ನು ಕರೆದು ತೋರಿಸಿದೆ. ‘ನೋಡ್ರಿ, ಏನೂ ಇಲ್ಲ.’ ಅವರು ಸಮಾಧಾನದಿಂದ ಮಿಠಾಯಿ ತರಲು ಹೋದರು.

ಬರುವವರು ಒಂದು ತಾಸು ತಡಮಾಡಿದರು. ಹುಡುಗ, ಅವನ ತಾಯಿ, ಅಕ್ಕ. ನಡುಮನೆಯಲ್ಲಿ ಮಾತು ಶುರುವಾಯಿತು. ಅಡುಗೆಮನೆಯಲ್ಲಿ ಶರಬತ್ತಿನ ತಟ್ಟೆ ಎತ್ತಿದೆ, ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಕೆಳಗಿಟ್ಟೆ. ಸೆರಗಿನ ಮರೆಯಲ್ಲಿ ಥರ್ಮಾಮೀಟರ್ ನೋಡಿದೆ. ನೂರಾ ಎರಡು ದಾಟಿತ್ತು. ಕಣ್ಣಿಗೆ ಅಂಚುಗಳೆಲ್ಲ ಬೆಳ್ಳಗಾಗುತ್ತಿದ್ದವು. ಹೆದರಿಕೆಯಾಯಿತು, ನಿಜವಾಗಿ. ಮಕ್ಕಳ ಮುಖ ನೆನಪಾಯಿತು. ಆದರೂ ಎರಡನೇ ಮಾತ್ರೆ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡೆ. ಇನ್ನೊಂದು ತಾಸು ನಿಂತರೆ ಸಾಕು.

ಹಸಿರು ದುಪಟ್ಟಾ ಹೊದ್ದ ರೆಹಾನಾ ಒಳಗೆ ಬಂದಳು. ‘ಕರೀತಿದಾರೆ ಭಾಭಿ,’ ಎಂದು ನನ್ನ ಕೈ ಹಿಡಿದವಳು ಗಕ್ಕನೆ ನಿಂತಳು. ಕೈ ಸುಡುತ್ತಿತ್ತು. ಅಂಗೈಯ ಮಾತ್ರೆ ಅವಳ ಅಂಗೈಗೂ ತಾಗಿತು.

ಅವಳು ಕೂಗಲಿಲ್ಲ. ಬಹಳ ಮೆಲ್ಲಗೆ ಕೇಳಿದಳು. ‘ಎಷ್ಟೈತೆ, ಭಾಭಿ?’

‘ಐತೆ...’ ಎಂದು ಶುರುಮಾಡಿದೆ.

ಅವಳು ಕಾದಳು. ಒಡೆದ ಪರದೆಯ ಮುಂದೆ ಕಾಯುವ ಹಾಗೆಯೇ ನನ್ನ ಬಾಯಿಯನ್ನೇ ನೋಡುತ್ತ ನಿಂತಳು. ಆಚೆ ಅಮ್ಮಿಯ ನಗು ಕೇಳುತ್ತಿತ್ತು. ಈ ಹುಡುಗಿಗೆ ಮೂರು ವರ್ಷದಲ್ಲಿ ಬಂದ ಮೊದಲ ಒಳ್ಳೆಯ ಸಂಬಂಧ ಆಚೆ ಕೂತಿತ್ತು. ನಾನು ‘ನೂರಕ್ಕೆ ನೂರು’ ಎಂದಿದ್ದರೆ ಅವಳು ನಂಬುತ್ತಿರಲಿಲ್ಲವೇನೋ, ಆದರೆ ನನ್ನ ಮಾತು ಮೀರಿ ಹೋಗುತ್ತಲೂ ಇರಲಿಲ್ಲ. ಅಷ್ಟು ವರ್ಷ ಅವಳನ್ನು ಗದರಿಸಿ ಇಟ್ಟಿದ್ದೆ.

‘ಇಪ್ಪತ್ತು,’ ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

‘ಇಪ್ಪತ್ತು,’ ಎಂದಳು ರೆಹಾನಾ. ಮಾತ್ರೆಯನ್ನು ನನ್ನ ಕೈಯಿಂದ ತೆಗೆದು ಸಿಂಕಿಗೆ ಎಸೆದಳು. ನನ್ನ ಸೊಂಟಕ್ಕೆ ಕೈಹಾಕಿ ನಡುಮನೆಗೇ ನಡೆಸಿಕೊಂಡು ಬಂದಳು. ಬಂದವರು ನಗುತ್ತ ತಲೆಯೆತ್ತಿದರು.

‘ಮಾಫ್ ಮಾಡ್ರಿ,’ ಅಂದಳು. ‘ನಮ್ಮ ಭಾಭಿಗೆ ಕ್ಯಾನ್ಸರ್ ಐತೆ. ಕೀಮೋ ನಡೀತೈತೆ. ಈಗ ಜ್ವರ ಬಂದೈತೆ, ತಡ ಮಾಡಂಗಿಲ್ಲ. ನೀವು ಕೂಡ್ರಿ, ಶರಬತ್ ಕುಡೀರಿ. ಭಾಯಿಜಾನ್, ಆಟೋ ಕರೀರಿ.’

ಅಮ್ಮಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಆಟೋದಲ್ಲಿ ರೆಹಾನಾ ವಾರ್ಡಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಸಿಸ್ಟರ್ ಕೇಳಿದ ಮೊದಲ ಪ್ರಶ್ನೆ: ‘ಜ್ವರದ ಮಾತ್ರೆ ಏನಾದ್ರೂ ತಗೊಂಡಿದಾರಾ?’

‘ಬೆಳಗ್ಗೆ ಒಂದು,’ ಅಂದೆ.

ಮುಂದೆ ಡ್ರೈವರ್ ಪಕ್ಕದಲ್ಲಿ ತೂರಿಕೊಂಡು ಕೂತಿದ್ದ ಇಕ್ಬಾಲ್ ತಿರುಗಿ ನೋಡಿದರು. ತುರ್ತು ವಿಭಾಗದ ಬಾಗಿಲಲ್ಲಿ ನನ್ನನ್ನು ಗಾಲಿಕುರ್ಚಿಗೆ ಕೂರಿಸುವಾಗ, ‘ತೊಂಬತ್ತೊಂಬತ್ತು ಅಂತ ತೋರಿಸಿದ್ಯಲ್ಲ ಶಾಹೀನ್,’ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಬಿ.ಪಿ. ಕೆಳಗಿಳಿಯುತ್ತಿದೆ ಎಂದು ಯಾರೋ ಯಾರಿಗೋ ಹೇಳಿದ್ದು. ಎರಡೂ ಕೈಗೆ ಸೂಜಿ. ಡಾಕ್ಟರು ಬಗ್ಗಿ, ‘ಸಂಜೆ ತನಕ ಕಾದಿದ್ರೆ ನಾನೇನೂ ಮಾಡೋಕೆ ಆಗ್ತಿರಲಿಲ್ಲಮ್ಮ,’ ಅಂದದ್ದು. ಎರಡು ದಿನ ಜ್ವರ ಏರಿತು, ಇಳಿಯಿತು, ಮತ್ತೆ ಏರಿತು. ಸಾಯುತ್ತೇನೆ ಎಂದೇ ನಂಬಿದ್ದೆ. ಅದಕ್ಕಿಂತ ಹೆಚ್ಚಾಗಿ, ಸುಮ್ಮಸುಮ್ಮನೆ ಸಾಯುತ್ತಿದ್ದೇನಲ್ಲ ಎಂಬ ನಾಚಿಕೆ. ಕ್ಯಾನ್ಸರಿನಿಂದಲ್ಲ, ಮರ್ಯಾದೆಯಿಂದ.

ಕೋಣೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ರೆಹಾನಾ ಗಾಜಿನಾಚೆ ನಿಂತು ಫೋನ್ ಮಾಡುತ್ತಿದ್ದಳು. ಅದೇ ಹಸಿರು ದುಪಟ್ಟಾ, ಮುದುಡಿಹೋಗಿತ್ತು. ‘ಎಷ್ಟೈತೆ?’ ‘ಹದಿನೈದು.’ ‘ಹದಿನೈದು.’ ಮಾರನೆಯ ದಿನ, ‘ಇಪ್ಪತ್ತೈದು.’ ಮೂರನೆಯ ಮಧ್ಯಾಹ್ನ ಬೆವರು ಕಿತ್ತುಕೊಂಡು ಬಂತು, ಹಾಸಿಗೆ ಒದ್ದೆಯಾಯಿತು. ಸಿಸ್ಟರ್ ಚಾದರ ಬದಲಿಸುತ್ತ ನನ್ನ ಬೋಳು ತಲೆಯನ್ನು ಟವೆಲಿನಿಂದ ಒರೆಸಿ, ‘ಇಳೀತು ನೋಡ್ರಿ,’ ಅಂದರು. ಆ ಟವೆಲಿನ ಸ್ಪರ್ಶ ಈಗಲೂ ನೆನಪಿದೆ. ಅಂದು ಫೋನಿನಲ್ಲಿ, ‘ನಲವತ್ತು,’ ಅಂದೆ.

ಅದೇ ದಿನ ಗಾಜಿನಾಚೆ ಇನ್ನೊಂದು ಮುಖ ಕಂಡಿತು. ಫ್ಯಾಕ್ಟರಿಯ ನೀಲಿ ಅಂಗಿ, ಎಣ್ಣೆ ಹಚ್ಚಿ ಬಿಗಿದ ಜಡೆ. ರೆಹಾನಾಳಿಂದ ವಿಷಯ ತಿಳಿದು ಗುತ್ತೂರಿನಿಂದ ಶಿಫ್ಟ್ ಮುಗಿಸಿ ನೆಟ್ಟಗೆ ಬಂದಿದ್ದಳು. ಫೋನ್ ಕಸಿದುಕೊಂಡು, ‘ಟೀಚರ್, ನಲವತ್ತು ಅಂದ್ರಂತೆ. ಈಗ ನಿಮ್ಮ ಮಾತು ನಂಬಬಹುದು ಬಿಡ್ರಿ,’ ಅಂದಳು. ಆ ದನಿ ಕೇಳಿದ ಮೇಲೆಯೇ ಅದು ಕವಿತಾ ಎಂದು ಗೊತ್ತಾದದ್ದು.

ಆರು ದಿನಕ್ಕೆ ಮನೆಗೆ ಬಂದೆ. ರಾಣೆಬೆನ್ನೂರಿನವರು ಮಧ್ಯಸ್ಥರ ಮೂಲಕ ಬೇಡವೆಂದು ಹೇಳಿಕಳಿಸಿದ್ದರು. ‘ಹೋದ್ರ ಹೋಗ್ಲಿ ಬಿಡ್ರಿ ಭಾಭಿ,’ ಎಂದಳು ರೆಹಾನಾ. ಮಧ್ಯಾಹ್ನ ಬಾಗಿಲಾಚೆ ಅವಳು ಅಳುವುದು ಕೇಳಿಸಿತು. ನಾನು ಎದ್ದು ಹೋಗಿ ಬಾಗಿಲಿನ ಈಚೆ, ಅವಳ ಬೆನ್ನಿರುವ ಕಡೆಗೇ ಬೆನ್ನು ಮಾಡಿ ಕೂತೆ. ‘ಎಷ್ಟೈತೆ?’ ಎಂದು ಕೇಳಿದೆ. ಬಹಳ ಹೊತ್ತಾದ ಮೇಲೆ, ‘ಮೂವತ್ತು,’ ಎಂದಳು. ‘ಮೂವತ್ತು,’ ಅಂದೆ. ಮೂರು ವರ್ಷದಲ್ಲಿ ಅವಳನ್ನು ನಾನು ಹಾಗೆ ಕೇಳಿದ್ದು ಅದೇ ಮೊದಲು.

ಅಮ್ಮಿ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಎದುರುಮನೆಯವರು ‘ಕಾಮಾಲೆ ಹೆಂಗೈತೆ?’ ಎಂದಾಗ, ‘ಕಾಮಾಲೆ ಅಲ್ಲರಿ, ಕ್ಯಾನ್ಸರ್. ನಾವೇ ಸುಳ್ಳು ಹೇಳಿದ್ವಿ,’ ಎಂದು ಗೇಟಿನಲ್ಲೇ ಹೇಳಿಬಿಟ್ಟರು. ಸಂಜೆಯೊಳಗೆ ಇಡೀ ಓಣಿಗೆ ತಿಳಿಯಿತು. ಯಾರೋ ದಾಳಿಂಬೆ ಕಳಿಸಿದರು, ಯಾರೋ ನಮ್ಮ ಮನೆಯ ಲೋಟದಲ್ಲಿ ನೀರು ಕುಡಿಯುವುದು ಬಿಟ್ಟರು. ಎರಡೂ ನಡೆಯಿತು.

ಉಳಿದ ಕೀಮೋಗಳು ಮುಗಿದವು. ಸ್ಕ್ಯಾನ್ ಚೊಕ್ಕಟವಾಗಿ ಬಂತು. ಮೂರು ತಿಂಗಳಿಗೊಮ್ಮೆ ಹೋಗಬೇಕು. ಹೋಗುವ ಹಿಂದಿನ ವಾರ ಎಲ್ಲರ ಮೇಲೂ ಹರಿಹಾಯುತ್ತೇನೆ, ಮನೆಯವರು ಸಹಿಸುತ್ತಾರೆ. ಮಕ್ಕಳು ವಾಪಸ್ ಬಂದಿದ್ದಾರೆ. ಬೆರಳ ಜೋಮು ಪೂರ್ತಿ ಹೋಗಿಲ್ಲ. ಸೀಮೆಸುಣ್ಣಕ್ಕೆ ಬಟ್ಟೆ ಸುತ್ತಿ ಬೋರ್ಡಿನ ಮೇಲೆ ಬರೆಯುತ್ತೇನೆ.

ಕಳೆದ ತಿಂಗಳು ರೆಹಾನಾಳನ್ನು ನೋಡಲು ಹರಿಹರದಿಂದ ಒಂದು ಮನೆಯವರು ಬಂದರು. ಆಟೋ ನಿಂತ ಸದ್ದಿಗೆ ನಾನೇ ಗೇಟಿಗೆ ಹೋದೆ. ಹುಡುಗನ ತಂದೆ ಮುಂದಿದ್ದರು.

‘ಒಳಗ ಬರೋ ಮೊದಲು ಒಂದು ಮಾತು,’ ಅಂದೆ. ‘ನಾನು ಈ ಮನೆ ಸೊಸೆ. ನನಗೆ ಕ್ಯಾನ್ಸರ್ ಆಗಿತ್ತು. ಚಿಕಿತ್ಸೆ ಮುಗಿದೈತೆ, ಆದ್ರೂ ಇನ್ನೂ ತೋರಿಸ್ತಾ ಇರಬೇಕು. ಇದನ್ನ ತಿಳ್ಕೊಂಡು ಬರೋದಾದ್ರ ಬರ್ರಿ, ಕೂಡ್ರಿ. ಇಲ್ಲಾಂದ್ರ ನಮಗೇನೂ ಬ್ಯಾಸರ ಇಲ್ಲ.’

ಆ ಹಿರಿಯರು ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಬಗ್ಗಿ ಚಪ್ಪಲಿ ಬಿಟ್ಟರು.

ಅವರನ್ನು ಕೂರಿಸಿ ಒಳಗೆ ಬಂದೆ. ರೆಹಾನಾ ಪರದೆಯ ಹಿಂದೆಯೇ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

‘ಎಷ್ಟೈತೆ, ಭಾಭಿ?’

ನೂರು ಎಂದು ಹೇಳಲು ಬಾಯಿ ಸಿದ್ಧವಾಗಿತ್ತು. ಜೋಮು ಹಿಡಿದ ಬೆರಳುಗಳನ್ನು ಒಮ್ಮೆ ಮಡಿಸಿ ಬಿಚ್ಚಿದೆ.

‘ಎಂಬತ್ತು.’

‘ಎಂಬತ್ತು,’ ಎಂದು ಅವಳು ನನ್ನ ಕೈ ಹಿಡಿದಳು.